ಸಾಲಿಗೆ ಬಾರದ ಚುಕ್ಕಿ

ಪಾರ್ವತಿನಗರ, ಬಳ್ಳಾರಿ
19 ಜನವರಿ 2025

ಅಣ್ಣನಿಗೆ ಹೇಮಾಳ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ಹರಿಯಬೇಕೆನಿಸಿದರೆ ಹರಿ. ಒಳಗಿರುವ ಎರಡು ನಕಾಶೆಗಳನ್ನು ಮಾತ್ರ ಒಂದು ಸಲ ನೋಡಿ ಆಮೇಲೆ ಹರಿ.

ಡಿಸೆಂಬರಿನಲ್ಲಿ ನಿನ್ನನ್ನು ನೋಡಲು ಜೈಲಿಗೆ ಬಂದಿದ್ದೆ. ಹೆಸರು ಬರೆಸಿ ಬೆಂಚಿನ ಮೇಲೆ ಕುಳಿತಿದ್ದೆ. "ನಿಮ್ಮಣ್ಣ ಬರಂಗಿಲ್ಲ ಅಂತಾನಮ್ಮ, ಹೋಗು" ಎಂದು ಕಾವಲಿನವರೊಬ್ಬರು ಬಂದು ಹೇಳಿದರು. ಅವರಿಗೂ ಹೇಳಲು ಕಷ್ಟವಾದಂತಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕೋರ್ಟಿನ ಸುದ್ದಿ ಎತ್ತಬಾರದೆಂದುಕೊಂಡೇ ಕುಳಿತೆ. ಎತ್ತದೆ ಮುಂದಕ್ಕೆ ಹೋಗಲು ಆಗುತ್ತಿಲ್ಲ. ಅವತ್ತು ಬೆಳಿಗ್ಗೆ ನಾನು ಬುತ್ತಿ ತೆಗೆದುಕೊಂಡು ಗದ್ದೆಗೆ ಬರದೇ ಇದ್ದಿದ್ದರೆ ಏನನ್ನೂ ನೋಡುತ್ತಿರಲಿಲ್ಲ. ಬಂದೆ, ನೋಡಿದೆ. ನೀರಿನ ಸರದಿಗಾಗಿ ನಿನಗೂ ಪಕ್ಕದ ಗದ್ದೆಯ ಮಲ್ಲಯ್ಯನಿಗೂ ಮಾತಾಯಿತು, ನೀನು ಅವನನ್ನು ನೂಕಿದೆ, ಅವನ ತಲೆ ಕಾಲುವೆ ತೂಬಿನ ಕಲ್ಲಿಗೆ ಬಡಿಯಿತು, ಅಲ್ಲೇ ಪ್ರಾಣ ಹೋಯಿತು. "ಕುಡಿದಿದ್ದ, ಜಾರಿ ಬಿದ್ದ" ಎಂದು ಹೇಳಿ ಅಂತ ವಕೀಲರು ನಮ್ಮಿಬ್ಬರಿಗೂ ಹೇಳಿಕೊಟ್ಟರು. ನೀನು ಹಾಗೆಯೇ ಹೇಳಿದೆ. ನನ್ನ ಬಾಯಿಂದ ಅದು ಬರಲಿಲ್ಲ. ಅವನು ನಮ್ಮ ಜಾತಿ ಹಿಡಿದು, ಅವ್ವನ ಹೆಸರು ಹಿಡಿದು ಆಡಿದ ಮಾತನ್ನೂ ನಾನು ಕೋರ್ಟಿನಲ್ಲಿ ಹೇಳಿದೆ. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನಿನಗೆ ಏಳು ವರ್ಷ ಶಿಕ್ಷೆಯಾಯಿತು. ಅವ್ವ ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ನಮ್ಮೂರು ಕರೂರಿನ ಮನೆಯ ಕಟ್ಟೆಯ ಮೇಲಿಟ್ಟಳು.

ಇನ್ನು ಆ ವಿಷಯ ಬರೆಯುವುದಿಲ್ಲ. ನಕಾಶೆಯ ವಿಷಯಕ್ಕೆ ಬರುತ್ತೇನೆ.

ಅನಿತಾ ಮೇಡಂ ಎಂ.ಎಸ್ಸಿ. ಪ್ರಾಜೆಕ್ಟಿಗೆ ನನಗೆ ಎಳೆಯ ನಕ್ಷತ್ರಗಳನ್ನು ಕೊಟ್ಟಿದ್ದಾರೆ. ನಮ್ಮ ಹತ್ತಿರ ದೊಡ್ಡ ದೂರದರ್ಶಕ ಎಲ್ಲಿಂದ ಬರಬೇಕು? ಆದರೆ ದೇಶದೇಶದ ವೀಕ್ಷಣಾಲಯದವರು ತಾವು ಹಿಡಿದ ಬೆಳಕನ್ನೆಲ್ಲ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಯಾವ ಊರು, ಯಾರ ಮಗಳು ಎಂದು ಕೇಳುವುದಿಲ್ಲ. ನನ್ನದು ವೃಷಭ ರಾಶಿಯ ಒಂದು ಮಂಕು ನಕ್ಷತ್ರ. ಹತ್ತಿಪ್ಪತ್ತು ಲಕ್ಷ ವರ್ಷದ್ದು, ಅವುಗಳ ಲೆಕ್ಕದಲ್ಲಿ ಕೂಸು. ಸುತ್ತಲಿನ ಅನಿಲ ಇನ್ನೂ ಅದರ ಮೇಲೆ ಬೀಳುತ್ತಲೇ ಇದೆ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಸಿಗುವ ರೋಹಿತವನ್ನು ಬ್ರೂಸ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ಕಳಿಸಿದ್ದೇನೆ. ಎಳೆಯ ನಕ್ಷತ್ರದಲ್ಲಿ ಲಿಥಿಯಂ ಇನ್ನೂ ಉಳಿದಿರುತ್ತದಂತೆ, ವಯಸ್ಸಾದಂತೆ ಸುಟ್ಟುಹೋಗುತ್ತದಂತೆ. ನಾನು ಬಾಣ ಹಾಕಿದ ಗೆರೆ ಲಿಥಿಯಂ ಹೌದೇ?

ಮೇಡಂ ಅವರನ್ನೇ ಕೇಳಬಹುದಿತ್ತು. ಆದರೆ ಸಿರುಗುಪ್ಪದ ಕಾಲೇಜಿನಲ್ಲಿ ಹುಡುಗರಿಗೆ ಮಾಡಿದ ಫಿಜಿಕ್ಸ್ ಪಾಠವನ್ನು ಸಂಜೆ ಮನೆಗೆ ಬಂದು ನನಗೊಬ್ಬಳಿಗೆ ಮತ್ತೆ ಮಾಡುತ್ತಿದ್ದವನು ನೀನು. ಈ ಹಾದಿಗೆ ಹಚ್ಚಿದವನೂ ನೀನು.

ತಂಗಿ
ಹೇಮಾ

*

ಕೇಂದ್ರ ಕಾರಾಗೃಹ, ಬಳ್ಳಾರಿ
11 ಫೆಬ್ರವರಿ 2025

ಹೇಮಾ,

ನೀನು ಬಾಣ ಹಾಕಿದ್ದು ಕ್ಯಾಲ್ಸಿಯಂ. ಲಿಥಿಯಂ ಅದರ ಎಡಕ್ಕಿದೆ, 6708 ಆಂಗ್‌ಸ್ಟ್ರಾಮ್ ತರಂಗಾಂತರದಲ್ಲಿ. ಗುರುತು ಮಾಡಿದ್ದೇನೆ. ಬಲತುದಿಯಲ್ಲಿ ಕಾಣುವ ದಟ್ಟವಾದ ಕಚ್ಚು ನಕ್ಷತ್ರದ್ದಲ್ಲ, ನಮ್ಮ ಭೂಮಿಯ ಗಾಳಿಯದ್ದು. ಅದನ್ನು ಅಳೆಯಬೇಡ.

ಹಾಳೆಗಳು ತಡವಾಗಿ ಕೈಸೇರಿದವು. ತೆರೆದು ನೋಡಿದ ಜೈಲಿನವರು ಇಸಿಜಿ ಎಂದುಕೊಂಡಿದ್ದರು. "ಮನ್ಯಾಗ ಯಾರಿಗೆ ಹಾರ್ಟ್ ಪ್ರಾಬ್ಲಂ ಐತಿ?" ಎಂದು ಕೇಳಿದರು. ನಕ್ಷತ್ರದ್ದು ಎಂದೆ. ನಂಬಲಿಲ್ಲ.

ಅವ್ವ ತಿಂಗಳಿಗೊಮ್ಮೆ ಬರುತ್ತಾಳೆ. ನಿನ್ನ ಸುದ್ದಿ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ದುರ್ಗೇಶ

*

ಪಾರ್ವತಿನಗರ, ಬಳ್ಳಾರಿ
6 ಏಪ್ರಿಲ್ 2025

ಪ್ರೀತಿಯ ಅಣ್ಣ,

ನಿನ್ನ ಕಾಗದ ಬಂದ ದಿನ ಮೇಡಂ ಹತ್ತಿರ ಓಡಿದೆ. ನೀನು ಹಾಕಿದ ಗುರುತು ನೋಡಿ, "ಯಾರು ಇವರು? ಗೆರೆ ಓದಿ ರೂಢಿ ಇದೆಯಲ್ಲ ಇವರಿಗೆ" ಎಂದರು. ನಮ್ಮಣ್ಣ ಎಂದೆ. ಮುಂದೆ ಅವರು ಏನೂ ಕೇಳಲಿಲ್ಲ. ಅವರಿಗೆ ಗೊತ್ತಿದೆ, ಅಣ್ಣ. ಪತ್ರಿಕೆಯಲ್ಲಿ ಬಂದಿತ್ತಲ್ಲ.

ಈಗ ನಿಜವಾದ ತೊಂದರೆ ಎದುರಾಗಿದೆ. ಈ ನಕ್ಷತ್ರದ ಹೈಡ್ರೋಜನ್ ಗೆರೆ ಒಂದೊಂದು ರಾತ್ರಿ ಒಂದೊಂದು ಥರ ಇರುತ್ತದೆ. ಒಂದು ದಿನ ಎತ್ತರ, ಒಂದು ದಿನ ಗಿಡ್ಡ. ನಕ್ಷತ್ರ ತನ್ನ ಸುತ್ತ ತಿರುಗುವಾಗ ಅನಿಲ ಬೀಳುವ ಜಾಗ ನಮ್ಮ ಕಡೆ ಬಂದಾಗ ಗೆರೆ ಏರುತ್ತದೆ, ಆಚೆ ಸರಿದಾಗ ಇಳಿಯುತ್ತದೆ ಎಂದು ನನ್ನ ವಾದ. ಸಿಕ್ಕ ರಾತ್ರಿಗಳನ್ನೆಲ್ಲ ಅಳೆದು ಚುಕ್ಕಿ ಇಟ್ಟೆ. ಎಲ್ಲವೂ ಒಂದು ಅಲೆಯ ಮೇಲೆ ಸಾಲಾಗಿ ಕುಳಿತವು. ಎಷ್ಟು ಖುಷಿಯಾಯಿತೆಂದರೆ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಕೊನೆಯ ರಾತ್ರಿಯದನ್ನು ಇಟ್ಟೆ. ಅದು ಅಲೆ ಬಿಟ್ಟು ಎಲ್ಲೋ ಮೇಲೆ ನಿಂತಿದೆ. ಅದೊಂದು ಇದ್ದರೆ ನನ್ನ ವಾದ ನಿಲ್ಲುವುದಿಲ್ಲ. ಸಂಶೋಧನೆ ಮಾಡುತ್ತಿರುವ ವಿಜಯಕುಮಾರ ಸರ್, "ತಗದ್ ಹಾಕವಾ ಅದನ್ನ. ಮೋಡ ಗೀಡ ಇದ್ದಿರಬೇಕು ಅಂತ ಬರಿ" ಎನ್ನುತ್ತಾರೆ. ಎಲ್ಲ ಹಾಳೆಗಳನ್ನೂ ಕಳಿಸುತ್ತಿದ್ದೇನೆ, ಅಳೆದು ನೋಡು.

ಮೊನ್ನೆ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವ್ವನನ್ನು ಕಂಡೆ. ನಾಟಿ ಹಚ್ಚುವ ಹೆಂಗಸರ ಜೊತೆ ಕರೂರಿನ ಬಸ್ಸಿಗೆ ನಿಂತಿದ್ದಳು. ನಾನು ಹತ್ತಿರ ಹೋದೆ. ಜೊತೆಗಿದ್ದವಳು "ಸುಂಕಮ್ಮ, ನಿನ್ನ ಮಗಳಲ್ಲೇನ?" ಎಂದಳು. "ನನಗ ಮಗ ಒಬ್ಬವನ" ಎಂದು ಅವ್ವ ಬಸ್ ಹತ್ತಿದಳು. ಕಿಟಕಿ ಪಕ್ಕ ಸೀಟಿತ್ತು. ಆಚೆ ಬದಿಗೆ ಹೋಗಿ ಕುಳಿತಳು. ಬಹಳ ಸೊರಗಿದ್ದಾಳೆ, ಅಣ್ಣ. ಬಂದಾಗ ಉಂಡಳೋ ಇಲ್ಲವೋ ಕೇಳು.

ನಿನ್ನ
ಹೇಮಾ

*

ಕೇಂದ್ರ ಕಾರಾಗೃಹ, ಬಳ್ಳಾರಿ
14 ಮೇ 2025

ಹೇಮಾ,

ಎಲ್ಲ ಹಾಳೆಗಳನ್ನೂ ಸ್ಕೇಲ್ ಇಟ್ಟು ಅಳೆದೆ. ನಿನ್ನ ಅಳತೆ ಸರಿಯಾಗಿದೆ. ಎಷ್ಟೋ ದಿನಗಳ ಮೇಲೆ ಒಂದು ಕೆಲಸವನ್ನು ಮನಸ್ಸಿಟ್ಟು ಮಾಡಿದೆ. ಪಕ್ಕದಲ್ಲಿ ಮಲಗುವವನು, "ಮಾಸ್ತರ, ಈ ಗುಡ್ಡಬೆಟ್ಟ ಯಾವ ಊರಾಗ ಅದಾವು?" ಎಂದು ಕೇಳಿದ. ಅವನಿಗೆ ರೋಹಿತ ಎಂದರೇನು ಎಂದು ಪಾಠ ಮಾಡಿದೆ.

ಆ ಒಂದು ಚುಕ್ಕಿಯ ವಿಷಯ. ತೆಗೆದು ಹಾಕು.

ನಿನ್ನ ಸರ್ ಹೇಳಿದ್ದು ಸರಿ. ಅದರಿಂದ ಯಾರಿಗೆ ಏನು ನಷ್ಟ? ಆ ನಕ್ಷತ್ರ ಬಂದು ನಿನ್ನನ್ನು ಕೇಳುವುದಿಲ್ಲ. ನಿನ್ನ ಎರಡು ವರ್ಷದ ಓದು, ಮುಂದೆ ಸಿಗಬಹುದಾದ ಫೆಲೋಶಿಪ್ಪು, ಎಲ್ಲವೂ ಆ ಒಂದು ಚುಕ್ಕಿಯಿಂದ ಹಾಳಾಗಬೇಕೇ? ನೋಡಿದ್ದನ್ನೆಲ್ಲ ಹೇಳಲೇಬೇಕೆಂದು ಯಾರೂ ಬರೆದಿಟ್ಟಿಲ್ಲ. ತನ್ನದು ಉಳಿಯಬೇಕಾದಾಗ ಒಂದು ಮಾತು ನುಂಗಿಕೊಳ್ಳುವುದನ್ನು ಮನುಷ್ಯರು ಕಲಿಯುತ್ತಾರೆ. ನೀನು ಇನ್ನಾದರೂ ಕಲಿ.

ಅವ್ವ ಉಂಡೇ ಬಂದೆ ಎನ್ನುತ್ತಾಳೆ.

ದುರ್ಗೇಶ

*

ಪಾರ್ವತಿನಗರ, ಬಳ್ಳಾರಿ
9 ಜೂನ್ 2025

ಅಣ್ಣ,

ನಿನ್ನ ಕಾಗದವನ್ನು ಬಹಳ ಸಲ ಓದಿದೆ. ಅದರಲ್ಲಿ ನಕ್ಷತ್ರದ ವಿಷಯ ಎಷ್ಟು, ನನ್ನ ವಿಷಯ ಎಷ್ಟು ಎಂದು ನನಗೆ ತಿಳಿಯಿತು.

ಒಂದು ಸಂಜೆ ಆ ಚುಕ್ಕಿಯನ್ನು ಅಳಿಸಿಯೇಬಿಟ್ಟೆ. ಅಲೆ ಚೆನ್ನಾಗಿ ಕಂಡಿತು. ಮೇಡಂಗೆ ಕಳಿಸಲು ಕುಳಿತೆ, ಆಗಲಿಲ್ಲ. ಅದು ನನ್ನೊಬ್ಬಳ ಕಣ್ಣಿಗೆ ಬಿದ್ದದ್ದಲ್ಲ, ಅಣ್ಣ. ಎಲ್ಲರಿಗೂ ತೆರೆದಿಟ್ಟ ಬೆಳಕು ಅದು. ನಾಳೆ ಇನ್ಯಾವುದೋ ಊರಿನ ಹುಡುಗಿ ಅದೇ ರಾತ್ರಿಯ ರೋಹಿತವನ್ನು ಇಳಿಸಿಕೊಂಡು ನೋಡುತ್ತಾಳೆ.

ಆಗ ಇನ್ನೊಂದು ಯೋಚನೆ ಬಂತು. ಹವ್ಯಾಸಿಗಳು ತಮ್ಮ ಸಣ್ಣ ದೂರದರ್ಶಕದಲ್ಲಿ ತೆಗೆದ ರೋಹಿತಗಳನ್ನೂ ಅಂತರ್ಜಾಲಕ್ಕೆ ಹಾಕುತ್ತಾರೆ. ಹುಡುಕುತ್ತ ಹೋದೆ. ಫ್ರಾನ್ಸಿನ ಒಬ್ಬರು ಅದೇ ರಾತ್ರಿ ಅದೇ ನಕ್ಷತ್ರವನ್ನು ತಮ್ಮ ಮನೆಯ ಹಿತ್ತಲಿನಿಂದ ಹಿಡಿದಿದ್ದರು. ಅವರ ನಕಾಶೆಯಲ್ಲೂ ಹೈಡ್ರೋಜನ್ ಗೆರೆ ಹಾಗೇ ಎತ್ತರಕ್ಕೆ ಎದ್ದಿದೆ. ಮೋಡವೂ ಅಲ್ಲ, ಯಂತ್ರದ ತಪ್ಪೂ ಅಲ್ಲ. ಆ ರಾತ್ರಿ ಅಲ್ಲಿ ನಿಜವಾಗಿಯೂ ಏನೋ ಆಗಿದೆ. ಬಹಳಷ್ಟು ಅನಿಲ ಒಮ್ಮೆಲೇ ನಕ್ಷತ್ರದ ಮೇಲೆ ಬಿದ್ದಿರಬೇಕು.

ಚುಕ್ಕಿಯನ್ನು ಇಟ್ಟೇ ಸಲ್ಲಿಸುತ್ತೇನೆ. ನನ್ನ ವಾದ ಸಾಬೀತಾಗಿಲ್ಲ ಎಂದೇ ಬರೆಯುತ್ತೇನೆ. ನೀನು ಸಿಟ್ಟಾಗುತ್ತೀ ಎಂದು ಗೊತ್ತು.

ಹೇಮಾ

*

ಕೇಂದ್ರ ಕಾರಾಗೃಹ, ಬಳ್ಳಾರಿ
27 ಜೂನ್ 2025

ಪತ್ರ ಬಂತು. ಇನ್ನು ಹಾಳೆ ಕಳಿಸಬೇಡ.

ದುರ್ಗೇಶ

*

ಬಳ್ಳಾರಿ
22 ಆಗಸ್ಟ್ 2025

ಅಣ್ಣ,

ಕಳಿಸಬೇಡ ಎಂದಿದ್ದೀ. ಇದರಲ್ಲಿ ಹಾಳೆ ಇಲ್ಲ, ಅವ್ವನ ಸುದ್ದಿ ಇದೆ.

ಅವ್ವನ ಹೊಟ್ಟೆಯಲ್ಲಿ ಗಡ್ಡೆ. ಬಹಳ ದಿನದಿಂದ ಇದ್ದಿರಬೇಕು, ಯಾರಿಗೂ ಹೇಳಿಲ್ಲ. ಕುರುಗೋಡಿನಿಂದ ಹುಲುಗೇಶ ಮಾವ ಬಂದು ಇಲ್ಲಿಯ ದೊಡ್ಡಾಸ್ಪತ್ರೆಗೆ ಸೇರಿಸಿದ. ನನಗೆ ಫೋನ್ ಮಾಡಿ, "ಹೆಂಗಸರ ವಾರ್ಡಿನ್ಯಾಗ ನನ್ನ ಇರಾಕ ಬಿಡವಲ್ಲರು. ಆಕಿ ತಮ್ಮ ನಾನು, ಕೇಳ್ಕೊಂತೀನಿ, ನೀ ಬಾ" ಎಂದ. ಹೋದೆ. ಅವ್ವ ಬೇಡ ಎನ್ನಲಿಲ್ಲ. ಮುಖ ತೊಳೆಸಿದೆ, ಗಂಜಿ ಕುಡಿಸಿದೆ, ಸೀರೆ ಬದಲಿಸಿದೆ. ಡಾಕ್ಟರು ಮಾವನನ್ನು ಹೊರಗೆ ಕರೆದು, ಕೊಯ್ಯುವ ಹಂತ ದಾಟಿದೆ ಎಂದು ಹೇಳಿದರು.

ಸೋಮವಾರ ಮಧ್ಯಾಹ್ನ ಊಟದ ಗಾಡಿ ಹೋದ ಮೇಲೆ "ಹೇಮಾ, ಇಲ್ಲಿ ಬಾ" ಎಂದಳು. ಎಷ್ಟೋ ದಿನದ ಮೇಲೆ ನನ್ನ ಹೆಸರು ಅವಳ ಬಾಯಿಂದ ಬಂತು. ಮಂಚದ ಮೇಲೆ ಕೂರಿಸಿಕೊಂಡಳು.

"ಒಂದ್ ಮಾತು ಕೇಳ್ತೀನಿ. ಇಲ್ಲಿ ಕೋರ್ಟ್ ಇಲ್ಲ, ವಕೀಲ ಇಲ್ಲ. ನಾ ಅದೀನಿ, ನೀ ಅದೀ. ನಿಮ್ಮಣ್ಣ ನೂಕಿದನೋ ಇಲ್ಲೋ?"

ಅವಳ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಇವಳು ಬದುಕುವುದಿಲ್ಲ, ನೆಮ್ಮದಿಯಿಂದ ಹೋಗಲಿ, ನನ್ನ ಒಂದು ಮಾತಿನಿಂದ ಇನ್ಯಾರಿಗೆ ಏನು ಎಂದುಕೊಂಡೆ. ನಿನ್ನ ಕಾಗದದ ಮಾತೇ ತಲೆಯಲ್ಲಿತ್ತು.

"ಇಲ್ಲವ್ವ. ನೂಕಲಿಲ್ಲ, ಜಾರಿ ಬಿದ್ದ" ಎಂದೆ.

ಅವಳು ಕಣ್ಣು ಮುಚ್ಚಿದಳು. ಸಮಾಧಾನವಾಯಿತೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ನನ್ನನ್ನೇ ನೋಡಿದಳು. "ಮತ್ತ ಅವತ್ತು ಕೋರ್ಟಿನ್ಯಾಗ ಯಾಕ ಹಂಗಂದಿ?"

ನಾನು ಅವಳ ಹೊದಿಕೆಯ ಅಂಚು ಸರಿಪಡಿಸತೊಡಗಿದೆ.

"ಅಂವ ನಿನಗೇನು ಮಾಡಿದ್ದ? ತಾ ಹರಕ ಅಂಗಿ ಹಾಕ್ಕೊಂಡು ನಿನ್ನ ಓದಿಸಿದ. ನಾ ಏನಂದುಕೊಂಡಿದ್ದೆ ಗೊತ್ತೈತೇನು? ಮಗನ್ನ ಒಳಗ ಹಾಕಿಸಿದ್ರೂ ನನ್ನ ಹೇಮಾ ಸುಳ್ಳು ಹೇಳಾಕಿ ಅಲ್ಲ, ಅಷ್ಟರ ಐತಲ್ಲ ಅಂದುಕೊಂಡಿದ್ದೆ."

"ಅವ್ವ, ಈಗ ಹೇಳಿದ್ದು ಸುಳ್ಳು, ಅವತ್ತು ಹೇಳಿದ್ದ ಖರೆ" ಎಂದು ಅವಳ ಕಾಲು ಹಿಡಿದೆ. "ಸಾಕು. ಇನ್ನ ನೀ ಮಾತಾಡಬ್ಯಾಡ" ಎಂದು ಗೋಡೆಯ ಕಡೆ ತಿರುಗಿದಳು. ಆಮೇಲೆ ನನ್ನ ಕೈಯಿಂದ ನೀರು ಸಹ ಕುಡಿದಿಲ್ಲ. ನಾನು ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದು ಮಾವನಿಗೂ ಹೇಳಿದ್ದಾಳೆ. ಈಗ ಮಾವನ ಹೆಂಡತಿ ವಾರ್ಡಿನಲ್ಲಿದ್ದಾಳೆ. ನಾನು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತೇನೆ.

ನೀನೊಂದು ಕಾಗದ ಬರೆದು ಅವಳಿಗೆ ಖರೆ ಹೇಳು, ಅಣ್ಣ. ಹೈಕೋರ್ಟಿನಲ್ಲಿರುವ ನಿನ್ನ ಮೇಲ್ಮನವಿಗೆ ತೊಂದರೆಯಾಗುವುದಾದರೆ ಬೇಡ. ಏನು ಕೇಳಬೇಕೆಂದೇ ನನಗೆ ತಿಳಿಯುತ್ತಿಲ್ಲ.

ಹೇಮಾ

*

ಕರೂರು
5 ಸೆಪ್ಟೆಂಬರ್ 2025

ಅಣ್ಣ,

ಅವ್ವ ಇಲ್ಲದ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಾವ ಈ ಮನೆಯ ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟ. ಅದು ನಿನ್ನಿಂದಾದದ್ದು.

ನಿನ್ನೆ ಪೊಲೀಸ್ ಜೀಪಿನಿಂದ ನೀನು ಇಳಿದಾಗ ಆಗಲೇ ತಡವಾಗಿತ್ತು. ಹಿರಿಯರು ಇನ್ನು ಕಾಯುವುದಾಗದು ಎಂದು ಅವ್ವನನ್ನು ಗುಣಿಗೆ ಇಳಿಸಿ ಮಣ್ಣು ಎಳೆಯತೊಡಗಿದ್ದರು. ನೀನು ಹಾಕಿದ ಮೇಲೆ ನಾನು ಹಿಡಿ ಮಣ್ಣು ತೆಗೆದುಕೊಂಡು ಮುಂದೆ ಬಂದೆ. ಆಗ ಮಾವ ನನ್ನ ರಟ್ಟೆ ಹಿಡಿದು, "ನೀ ಹಾಕಬ್ಯಾಡ. ಅಣ್ಣ ನೂಕಿಲ್ಲ ಅಂತ ಅಕ್ಕನ ಮುಂದ ನೀನ ಒಪ್ಪಿಕೊಂಡೀ. ಸುಳ್ಳು ಹೇಳಿ ಅವನ್ನ ಒಳಗ ಹಾಕಿಸಿದಾಕಿ ನೀನು" ಎಂದು ಊರಿನೆದುರು ಕೂಗಿದ. ನಾನು ತಲೆ ಬಗ್ಗಿಸಿ ನಿಂತಿದ್ದೆ.

ನಿನ್ನ ದನಿ ಹಿಂದಿನಿಂದ ಬಂತು. "ಮಾವ, ಆಕಿ ಕೈ ಬಿಡು. ನಾನ ನೂಕಿದೆ. ಆಕಿ ಕೋರ್ಟಿನ್ಯಾಗ ಹೇಳಿದ್ದು ಖರೆ."

ಜೊತೆಗಿದ್ದ ಪೊಲೀಸರು "ಸುಮ್ನಿರಪ್ಪ, ಅಪೀಲು ಐತಿ ನಿಂದು" ಎಂದು ನಿನ್ನ ತೋಳು ಜಗ್ಗಿದರು. ನೀನು ಇನ್ನೊಂದು ಸಲ ಹೇಳಿದೆ, ಕಾಲುವೆಯ ಆಚೆ ದಂಡೆಯವರಿಗೂ ಕೇಳುವ ಹಾಗೆ. ನನ್ನ ಕಡೆ ನೋಡಲಿಲ್ಲ. ಹೊತ್ತಾಯಿತೆಂದು ಅವರು ನಿನ್ನನ್ನು ಕರೆದುಕೊಂಡು ಹೋದರು.

ಜೀಪು ಹೋದ ಮೇಲಿನದು ನಿನಗೆ ಗೊತ್ತಿಲ್ಲ. ಮಾವ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕುಳಿತ. ಬಹಳ ಹೊತ್ತಿನ ಮೇಲೆ "ಹಾಕವಾ, ಮಣ್ಣು ಹಾಕು" ಎಂದ. ಹಾಕಿದೆ.

ಎಲ್ಲರೂ ಚದುರಿದ ಮೇಲೆ ಕಾಲುವೆಯ ದಂಡೆಯ ಮೇಲೆ ದೂರದಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೆಳಗಿಳಿದು ಬಂದಳು. ವೀರಭದ್ರಮ್ಮ, ಮಲ್ಲಯ್ಯನ ಹೆಂಡತಿ.

"ನಿಮ್ಮವ್ವ ನನ್ನ ಗದ್ದಿಗೂ ನಾಟಿ ಹಚ್ಚಾಕ ಬಂದಾಕಿ. ಅದಕ್ಕ ಬಂದೆ" ಎಂದಳು. ಆಮೇಲೆ ಹೇಳಿದಳು: "ನನ್ನ ಗಂಡನ ಬಾಯಿ ಕೆಟ್ಟದಿತ್ತು, ನನಗ ಗೊತ್ತೈತಿ. ಆದ್ರ ಅಂವ ಕುಡದು ಬಿದ್ದು ಸತ್ತಾವ ಅಲ್ಲ. ಕುಡುಕನ ಮಕ್ಕಳು ಅಂತ ನನ್ನ ಹುಡುಗರಿಗೆ ಸಾಲ್ಯಾಗ ಅಂತಿದ್ರು. ಇವತ್ತು ನಿಮ್ಮಣ್ಣನ ಬಾಯಾಗ ಬಂತಲ್ಲ, ಸಾಕು."

ಇಷ್ಟೇ. ಅಳಲೂ ಇಲ್ಲ, ನನ್ನನ್ನು ಮುಟ್ಟಲೂ ಇಲ್ಲ. ಸೆರಗು ಹೊದ್ದುಕೊಂಡು ದಂಡೆ ಹತ್ತಿ ಹೋದಳು.

ಪ್ರಾಜೆಕ್ಟಿನ ಸುದ್ದಿ ನಿನಗೆ ಹೇಳಿಯೇ ಇರಲಿಲ್ಲ. ಜುಲೈನಲ್ಲೇ ಸಲ್ಲಿಸಿದೆ. ವಾದ ಸಾಬೀತಾಗಿಲ್ಲ ಎಂದು ಅಂಕ ಕಡಿಮೆ ಬಂದಿದೆ. ಮೇಡಂ ಆ ರಾತ್ರಿಯ ಎರಡೂ ರೋಹಿತಗಳನ್ನು ಇನ್ನೂ ಬಿಡಿಸಿ ನೋಡೋಣ ಎಂದಿದ್ದಾರೆ. ನೋಡಬೇಕು. ಈಗ ಯಾವುದಕ್ಕೂ ಮನಸ್ಸಿಲ್ಲ.

ಆಗಸ್ಟಿನ ನನ್ನ ಕಾಗದ ನಿನಗೆ ಸಿಕ್ಕಿತ್ತೇ?

ನಿನ್ನ
ಹೇಮಾ

*

ಕೇಂದ್ರ ಕಾರಾಗೃಹ, ಬಳ್ಳಾರಿ
12 ಅಕ್ಟೋಬರ್ 2025

ಪ್ರೀತಿಯ ಹೇಮಾ,

ಸಿಕ್ಕಿತ್ತು. ಅವ್ವನಿಗೆ ಬರೆಯಬೇಕೆಂದು ಕಾಗದ ತೆಗೆದುಕೊಂಡು ಕುಳಿತೆ. ಬರೆದದ್ದು ಮಾವನ ಕೈಗೆ, ಅಲ್ಲಿಂದ ವಕೀಲರ ಕೈಗೆ ಹೋಗುತ್ತದೆ ಎಂದು ಹೆದರಿದೆ. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎನ್ನುವುದರೊಳಗೆ ಸುದ್ದಿ ಬಂತು.

ವಕೀಲರು ಬಂದು ಬೈದು ಹೋದರು. ಜಾರಿ ಬಿದ್ದ ಎನ್ನುವ ವಾದವನ್ನು ಬಿಡಿ, ಶಿಕ್ಷೆ ಕಡಿಮೆ ಮಾಡಿ ಎಂದು ಮಾತ್ರ ಕೇಳಿ, ಮಲ್ಲಯ್ಯ ಆಡಿದ ಮಾತನ್ನೂ ಕೋರ್ಟಿನ ಮುಂದಿಡಿ ಎಂದು ಹೇಳಿದ್ದೇನೆ. ಹಾಗಾದರೆ ಗೆಲ್ಲುವ ಆಸೆ ಇಟ್ಟುಕೊಳ್ಳಬೇಡ ಎಂದರು. ಆಗಲಿ. ನೀನು ಕಳಿಸಿದ ಹಾಳೆಗಳೆಲ್ಲ ನನ್ನ ಹತ್ತಿರವೇ ಇವೆ. ಬೇಡ ಎಂದು ಬರೆದವನು ಅವತ್ತೇ ಅವನ್ನು ಮತ್ತೆ ಹರವಿಕೊಂಡು ಕುಳಿತಿದ್ದೆ. ಮೇಡಂ ಹೇಳಿದ ಹಾಗೆ ಕೆಲಸ ಮುಂದುವರಿಸು, ಹೊಸದು ಸಿಕ್ಕರೆ ಕಳಿಸು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ.

ಅವ್ವ ಬಂದಾಗಲೆಲ್ಲ ಗದ್ದೆಯ ಸುದ್ದಿ, ಎಮ್ಮೆಯ ಸುದ್ದಿ ಹೇಳಿ, ಎದ್ದು ಹೋಗುವಾಗ ಒಂದೇ ಮಾತು ಕೇಳುತ್ತಿದ್ದಳು. "ನೀ ನೂಕಿಲ್ಲ, ಹೌದಿಲ್ಲೋ?" ನಾನು "ಇಲ್ಲವ್ವ" ಎನ್ನುತ್ತಿದ್ದೆ. ಕೊನೆಯ ಸಲ ಜುಲೈನಲ್ಲಿ ಬಂದಿದ್ದಳು. ಬಸ್ಸಿನಿಂದ ಇಳಿದು ನಡೆದು ಬರಲಿಕ್ಕೇ ಆಗಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ಬಂದಳು. ಕೇಳಿದರೆ ಬಿಸಿಲು ಎಂದಳು. ಎದ್ದು ಹೋಗುವಾಗ ಜಾಲರಿಗೆ ಹಣೆ ಹಚ್ಚಿ, "ನನ್ನ ಮುಖ ನೋಡಿ ಹೇಳು" ಎಂದಳು. ನಾನು ಅವಳ ಮುಖ ನೋಡಿಯೇ "ಇಲ್ಲವ್ವ" ಎಂದೆ. ಬಹಳ ಹೊತ್ತು ನೋಡಿದಳು. "ಆತು ಬಿಡು" ಎಂದು ಹೋದಳು.

ನಿನ್ನ ಕಾಗದ ಓದಿದಾಗ ನನಗೆ ಅದು ಹೊಳೆಯಿತು. ಅವಳು ನನ್ನ ಮಾತನ್ನು ನಂಬಿದ್ದರೆ ನಿನ್ನನ್ನು ಯಾಕೆ ಕೇಳುತ್ತಿದ್ದಳು? ಅವಳಿಗೆ ಒಳಗೊಳಗೇ ಗೊತ್ತಿತ್ತು, ಹೇಮಾ. ಹೆತ್ತ ಇಬ್ಬರಲ್ಲಿ ಒಬ್ಬರಾದರೂ ತನ್ನ ಮುಂದೆ ಖರೆ ಹೇಳಲಿ ಎಂದು ಕೇಳಿದಳು. ನಾನು ಹೆದರಿ ಹೇಳಲಿಲ್ಲ, ನೀನು ಮರುಗಿ ಹೇಳಲಿಲ್ಲ. ಕಡೆಗೆ ನಾನು ಬಾಯಿ ಬಿಟ್ಟಾಗ ಊರೆಲ್ಲ ನಿಂತು ಕೇಳಿತು. ಅವಳ ಮೇಲೆ ಆಗಲೇ ಮಣ್ಣು ಬಿದ್ದಿತ್ತು.

ನಿನ್ನ ಅಣ್ಣ
ದುರ್ಗೇಶ